ಪೆರಿಯಾರ್ ಸರೋವರ: ಯಂತ್ರದೋಣಿಯೋ, ಬಿದಿರಿನ ತೆಪ್ಪವೋ?

ಕೇರಳದ ತೇಕ್ಕಡಿಗೆ ಹೋದವರಲ್ಲಿ ಹೆಚ್ಚಿನವರು ಯಂತ್ರದೋಣಿಯಲ್ಲಿ ಒಂದು ಸುತ್ತು ಹೊಡೆದು ಪೆರಿಯಾರ್ ನೋಡಿದೆವೆಂದು ಹಿಂದಿರುಗುತ್ತಾರೆ. ಅರಣ್ಯ ಇಲಾಖೆ ನಡೆಸುವ ಬಿದಿರಿನ ತೆಪ್ಪದ ಪಯಣಕ್ಕೆ ಇಡೀ ದಿನವೂ ಹೆಚ್ಚು ಹಣವೂ ಬೇಕು. ಬೇಸಿಗೆ ಕಾಲಿಡುತ್ತಿದ್ದಾಗ ಎರಡನ್ನೂ ಮಾಡಿ ನೋಡಿದ ನನ್ನ ಒಲವು ತೆಪ್ಪದ ಕಡೆಗಿದೆ.

ದೋಣಿಯ ಅನುಕೂಲವನ್ನು ಅಲ್ಲಗಳೆಯಲಾಗದು. ಬೆಳಗಿನ ಮೊದಲ ದೋಣಿ ಹಿಡಿದರೆ ಒಂದೂವರೆ ಗಂಟೆಯಲ್ಲಿ ಸರೋವರದ ವಿಸ್ತಾರ ಕಣ್ಣಿಗೆ ತುಂಬುತ್ತದೆ. ದಡದ ಹುಲ್ಲಿನಲ್ಲಿ ಕಾಟಿ, ಕಡವೆ, ಹಂದಿಗಳು ನನಗೆ ಕಂಡದ್ದು ದೋಣಿಯಿಂದಲೇ. ಆದರೆ ಎಂಜಿನ್ನಿನ ಸದ್ದು, ಅದನ್ನೂ ಮೀರಿಸುವ ನಮ್ಮವರ ಕೂಗಾಟ! ಆನೆ ಕಂಡೊಡನೆ ಎದ್ದು ನಿಲ್ಲುವವರನ್ನು ಸಿಬ್ಬಂದಿ ಗದರಿಸಿ ಕೂರಿಸುತ್ತಾರೆ. 2009ರ ಸೆಪ್ಟೆಂಬರಿನಲ್ಲಿ ಇದೇ ಸರೋವರದಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ 45 ಜನ ಸತ್ತದ್ದನ್ನು ನೆನೆದರೆ ಆ ಗದರಿಕೆ ಅತಿಯೆನಿಸುವುದಿಲ್ಲ.

ತೆಪ್ಪದ ದಿನ ಆರಂಭವಾಗುವುದು ಕಾಡಿನ ನಡಿಗೆಯಿಂದ. ಇಂಬಳ ಹತ್ತದಂತೆ ಮೊಣಕಾಲಿನವರೆಗೆ ಬಟ್ಟೆಯ ಚೀಲ ಕಟ್ಟಿಕೊಂಡು, ಬಂದೂಕು ಹಿಡಿದ ಅರಣ್ಯ ರಕ್ಷಕನೊಡನೆ ಹೊರಡಬೇಕು. ಹಿಂದೆ ಇದೇ ಕಾಡಿನಲ್ಲಿ ಕದ್ದು ದಾಲ್ಚಿನ್ನಿಯ ಜಾತಿಯ ಮರಗಳ ತೊಗಟೆ ಸುಲಿಯುತ್ತಿದ್ದವರೇ 1990ರ ದಶಕದ ಪರಿಸರ ಅಭಿವೃದ್ಧಿ ಯೋಜನೆಯ ನಂತರ ಕಾವಲುಗಾರರಾಗಿ, ಮಾರ್ಗದರ್ಶಿಗಳಾಗಿ ದುಡಿಯುತ್ತಿದ್ದಾರೆ. ಅವರ ಕಣ್ಣು ಚುರುಕು: ನಾನು ದಾಟಿಹೋಗಿದ್ದ ಮರದ ಬಳಿಗೆ ಒಬ್ಬರು ವಾಪಸು ಕರೆದು, ಕಾಂಡದ ಮೇಲೆ ಕರಡಿ ಹತ್ತುವಾಗ ಎಳೆದ ಉಗುರಿನ ಗೀರುಗಳನ್ನು ತೋರಿಸಿದರು.

ನೀರಿಗಿಳಿದ ಮೇಲೆ ಹುಟ್ಟಿನ ಸಪ್ಪಳವೊಂದೇ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದು ಕಣಿವೆ ಮುಳುಗಿದಾಗ ನೀರು ಪಾಲಾದ ಮರಗಳ ಬೊಡ್ಡೆಗಳು ಇಂದಿಗೂ ನಿಂತಿವೆ; ದೋಣಿಯಿಂದ ಬರಿಯ ಕಪ್ಪು ಗೂಟಗಳಂತೆ ಕಂಡಿದ್ದವುಗಳ ಬಿರುಕು, ಪಾಚಿ, ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ ಎಲ್ಲವೂ ತೆಪ್ಪದಿಂದ ಕೈಯಳತೆಯಲ್ಲಿ ಸಿಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಮರೆಯಿಲ್ಲ. ದೊಡ್ಡ ಪ್ರಾಣಿಗಳೂ ಅಂದು ಕಡಿಮೆಯೇ ಕಂಡವು.

ಮಂಡಿನೋವಿರುವ ಹಿರಿಯರೋ ಪುಟ್ಟ ಮಕ್ಕಳೋ ಜೊತೆಗಿದ್ದರೆ ದೋಣಿಯೇ ಸರಿ, ಅದೂ ಬೆಳಗಿನ ಮೊದಲನೆಯದು. ಉಳಿದವರು ತೆಪ್ಪಕ್ಕೆ ಮುಂಚಿತವಾಗಿ ಸ್ಥಳ ಕಾದಿರಿಸುವುದು ಒಳ್ಳೆಯದು. ದಿನವೊಂದಕ್ಕೆ ಕೆಲವೇ ಜನರನ್ನು ಕರೆದೊಯ್ಯುತ್ತಾರೆ.