ಚುಕ್ಕೆ ಮಾಯವಾದರೆ ರೋಗ ಹೋಯಿತು ಅಂದುಕೊಳ್ಳಬೇಡಿ

ನನ್ನ ಮೀನಿನ ಟ್ಯಾಂಕಿನಲ್ಲಿ 18 ನಿಯಾನ್ ಟೆಟ್ರಾ ಮೀನುಗಳಿದ್ದವು. ಈಗ 4 ಇವೆ. ಸಿಗಡಿ, ಬಸವನಹುಳು ಒಂದೂ ಉಳಿದಿಲ್ಲ. ಬಂದದ್ದು ಅಪರೂಪದ ರೋಗವೇನಲ್ಲ. ಮೀನು ಸಾಕುವವರೆಲ್ಲ ಒಂದಲ್ಲ ಒಂದು ದಿನ ನೋಡುವ ಬಿಳಿ ಚುಕ್ಕೆ ರೋಗ, ಇಕ್. ಆದರೆ ಸತ್ತವುಗಳಲ್ಲಿ ಹೆಚ್ಚಿನವು ನಾನು ಕೊಟ್ಟ ಚಿಕಿತ್ಸೆಯಿಂದಲೇ ಸತ್ತವು ಅಂತ ನನಗೆ ಈಗ ಗೊತ್ತು. ನಿಮ್ಮ ಟ್ಯಾಂಕಿನಲ್ಲಿ ಗಿಡಗಳಿದ್ದರೆ ದಯವಿಟ್ಟು ಇದನ್ನು ಓದಿ.

ಹೊಸದಾಗಿ ತಂದ 6 ಟೆಟ್ರಾಗಳನ್ನು ಅದೇ ದಿನ ಟ್ಯಾಂಕಿಗೆ ಬಿಟ್ಟೆ. ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಹಳೆಯ ಮೀನುಗಳು ಮರದ ಬೇರಿಗೆ ಮೈ ಉಜ್ಜತೊಡಗಿದವು. ಆಡುತ್ತಿವೆ ಅಂದುಕೊಂಡೆ. ಈ ರೋಗ ತರುವ ಪರಾವಲಂಬಿ ಜೀವಿ ಕಿವಿರಿಗೂ ಹತ್ತುತ್ತದೆ, ಅಲ್ಲಿ ಹತ್ತಿದ್ದು ನಮಗೆ ಕಾಣುವುದಿಲ್ಲ. ರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು ಕಂಡಾಗ ಆಗಲೇ ತಡವಾಗಿತ್ತು.

ಗಾಬರಿಯಲ್ಲಿ ಸಿಕ್ಕ ಔಷಧಿಯನ್ನು ಪೂರ್ತಿ ಪ್ರಮಾಣದಲ್ಲಿ ಟ್ಯಾಂಕಿಗೇ ಸುರಿದೆ. ಅದರಲ್ಲಿ ತಾಮ್ರ ಇತ್ತು. ಲೇಬಲ್ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಬಸವನಹುಳುಗಳು ತಳದಲ್ಲಿ ಬಿದ್ದಿದ್ದವು, ಸಂಜೆಯೊಳಗೆ ಸಿಗಡಿಗಳೂ ಹೋದವು. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಅವಕ್ಕೆ ವಿಷ. ವ್ಯಾಲಿಸ್ನೇರಿಯಾ ಗಿಡದ ಎಲೆಗಳು ಪಾರದರ್ಶಕವಾಗಿ ಕರಗತೊಡಗಿದವು. ಕೊಳೆತ ಎಲೆ, ಸತ್ತ ಹುಳು ಸೇರಿ ಅಮೋನಿಯಾ ಏರಿತು. ಕಿವಿರು ಮೊದಲೇ ಹಾಳಾಗಿದ್ದ ಮೀನುಗಳಿಗೆ ಅದೂ ಒಂದು ಹೊಡೆತ.

ಮೂರನೇ ದಿನ ಚುಕ್ಕೆಗಳೆಲ್ಲ ಮಾಯ! ಎಷ್ಟು ಖುಷಿಯಾಯಿತೆಂದರೆ, ಆವತ್ತೇ ಔಷಧಿ ನಿಲ್ಲಿಸಿಬಿಟ್ಟೆ. ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು.

ನಮಗೆ ಕಾಣುವ ಚುಕ್ಕೆ ಅಂದರೆ ಮೀನಿನ ಚರ್ಮದೊಳಗೆ ಕೂತು ತಿಂದು ಬೆಳೆಯುತ್ತಿರುವ ಜೀವಿ. ಔಷಧಿ ಅಲ್ಲಿಗೆ ತಲುಪುವುದಿಲ್ಲ. ಬೆಳೆದ ಮೇಲೆ ಅದು ತಾನಾಗಿಯೇ ಉದುರಿ, ಮರಳಿಗೋ ಎಲೆಗೋ ಅಂಟಿಕೊಂಡು ಸುತ್ತ ಕೋಶ ಕಟ್ಟಿಕೊಳ್ಳುತ್ತದೆ. ಅಲ್ಲಿಗೂ ಔಷಧಿ ಇಳಿಯುವುದಿಲ್ಲ. ಕೋಶದೊಳಗೆ ಒಂದು ಜೀವಿ ನೂರಾರು ಆಗುತ್ತದೆ. ಕೋಶ ಒಡೆದು ಮರಿಗಳು ಈಜುತ್ತಾ ಮೀನು ಹುಡುಕುವ ಹೊತ್ತಿನಲ್ಲಿ ಮಾತ್ರ ಔಷಧಿ ಅವನ್ನು ಕೊಲ್ಲುತ್ತದೆ. ನಾನು ನೋಡಿ ಖುಷಿಪಟ್ಟದ್ದು ರೋಗ ಹೋದದ್ದನ್ನಲ್ಲ, ಅದು ಮರಿ ಮಾಡಲು ಕೆಳಗಿಳಿದದ್ದನ್ನು. ವಾರ ತುಂಬುವಷ್ಟರಲ್ಲಿ ಮೀನುಗಳ ಮೇಲೆ ಉಪ್ಪು ಚಿಮುಕಿಸಿದ ಹಾಗೆ ಆಗಿತ್ತು.

ಆಮೇಲೆ ಒಂದೇ ರಾತ್ರಿಯಲ್ಲಿ ಹೀಟರನ್ನು 30 ಡಿಗ್ರಿಗೆ ಏರಿಸಿದೆ. ನೀರಿಗೆ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಇರಲಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆ ದಿನವೇ 7 ಸತ್ತವು. ಅದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ.

ಕೊನೆಗೆ ಉಳಿಸಿದ್ದು ಬಹಳ ಸರಳವಾದ ಕೆಲಸ. ಉಳಿದ ಎಲ್ಲ ಮೀನುಗಳನ್ನೂ, ಚೆನ್ನಾಗಿ ಕಾಣುತ್ತಿದ್ದವನ್ನೂ ಸೇರಿಸಿ, ಮರಳು ಗಿಡ ಏನೂ ಇಲ್ಲದ ಬೇರೆ ಟ್ಯಾಂಕಿಗೆ ಹಾಕಿದೆ. ಏರ್ ಸ್ಟೋನ್ ಇಟ್ಟು ಬಿಸಿಯನ್ನು ನಿಧಾನವಾಗಿ 28ಕ್ಕೆ ತಂದೆ. ಬಿಸಿ ಹೆಚ್ಚಿದರೆ ಆ ಜೀವಿಯ ಚಕ್ರ ಬೇಗ ಸುತ್ತುತ್ತದೆ, ಔಷಧಿಗೂ ಬೇಗ ಸಿಗುತ್ತದೆ. ಮಲಕೈಟ್ ಗ್ರೀನ್ ಇರುವ ಔಷಧಿಯನ್ನು ಅರ್ಧ ಪ್ರಮಾಣದಲ್ಲಿ ಕೊಟ್ಟೆ, ಟೆಟ್ರಾ ಮತ್ತು ಲೋಚ್ ಜಾತಿಯ ಮೀನುಗಳಿಗೆ ಪೂರ್ತಿ ಪ್ರಮಾಣ ತಡೆಯುವುದು ಕಷ್ಟ. ಫಿಲ್ಟರಿನ ಕಾರ್ಬನ್ ತೆಗೆದಿಟ್ಟೆ, ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ. ದಿನಾ ತಳ ಹೀರಿ ಕಾಲು ಭಾಗ ನೀರು ಬದಲಿಸಿ, ಬದಲಿಸಿದ ನೀರಿಗೆ ತಕ್ಕಷ್ಟು ಔಷಧಿ ಮತ್ತೆ ಹಾಕುತ್ತಿದ್ದೆ. ಕೊನೆಯ ಚುಕ್ಕೆ ಹೋದ ಮೇಲೂ 10 ದಿನ ನಿಲ್ಲಿಸಲಿಲ್ಲ.

ಗಿಡಗಳ ಟ್ಯಾಂಕಿಗೆ ಏನೂ ಹಾಕಲಿಲ್ಲ. ಬೇಕಾಗಿಯೂ ಇರಲಿಲ್ಲ ಅಲ್ವಾ? ಈಜುವ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅದು ಸತ್ತೇ ಹೋಗುತ್ತದೆ. ಸಿಗಡಿ, ಬಸವನಹುಳುಗಳ ಮೇಲೆ ಅದು ಬದುಕುವುದಿಲ್ಲ. ಕೋಶಗಳು ಒಂದೇ ಹೊತ್ತಿಗೆ ಒಡೆಯುವುದಿಲ್ಲ ಅಂತ 28 ಡಿಗ್ರಿಯಲ್ಲಿ ಎರಡು ವಾರ ಖಾಲಿ ಬಿಟ್ಟೆ. ಮೊದಲೇ ಹೀಗೆ ಮಾಡಿದ್ದರೆ ಒಂದು ಎಲೆಯೂ ಕರಗುತ್ತಿರಲಿಲ್ಲ.

ಹೊಸ ಗಿಡಗಳ ಜೊತೆಗೂ ಆ ಕೋಶಗಳು ಬರಬಹುದು, ಒದ್ದೆ ಬಲೆಯಲ್ಲೂ ಬರಬಹುದು. ಈಗ ಬಲೆ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಟ್ಯಾಂಕಿಗೆ ಹಾಕುತ್ತೇನೆ. ಹೊಸ ಮೀನು ಬಂದರೆ ಮೂರು ವಾರ ಬೇರೆ ಇಡುತ್ತೇನೆ.

ಸಿಗಡಿಗಳನ್ನು ಇನ್ನೂ ತಂದಿಲ್ಲ. ತಾಮ್ರ ಮರಳಿಗೆ ಅಂಟಿಕೊಂಡು ಮತ್ತೆ ನೀರಿಗೆ ಬಿಡುತ್ತಿರುತ್ತದೆ. ನೀರಿನಲ್ಲಿ ತಾಮ್ರ ಇದೆಯಾ ಅಂತ ಪ್ರತಿ ಭಾನುವಾರ ಟೆಸ್ಟ್ ಮಾಡುತ್ತೇನೆ. ಹೋದ ವಾರವೂ ಸ್ವಲ್ಪ ಬಣ್ಣ ಬಂತು, ಅಂದರೆ ತಾಮ್ರ ಇನ್ನೂ ಇದೆ.