ಆಂಕರ್ ಕಟ್ಟುವ ಕ್ಲಾಸಿಗೆ ದುಡ್ಡು ಹಾಕಬಹುದಾ?

ಹಾಕಬಹುದು, ಆದರೆ ಎಲ್ಲರೂ ಈಗಲೇ ಅಲ್ಲ. ಬಂಡೆ ಹತ್ತುವವರ ಹಗ್ಗವನ್ನು ಬಂಡೆಗೆ ಭದ್ರವಾಗಿ ಹಿಡಿದಿಡುವ ಕಟ್ಟೇ ಆಂಕರ್. ಅದನ್ನು ಕಲಿಸಲು ರಾಮನಗರ ಕಡೆಯ ಬಂಡೆಯೊಂದರಲ್ಲಿ ನಡೆದ ಒಂದು ದಿನದ ಕ್ಲಾಸಿಗೆ ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆಯೆಲ್ಲ ನೆಲದ ಮೇಲೇ ಗಂಟು ಹಾಕುವುದು. ಫಿಗರ್ ಏಟ್, ಕ್ಲೋವ್ ಹಿಚ್, ಮತ್ತೆ ಫಿಗರ್ ಏಟ್. ಬೋರ್ ಆಗುತ್ತೆ, ಸುಳ್ಳು ಹೇಳಲ್ಲ. ಆಮೇಲೆ ಬಂಡೆಯಲ್ಲಿ ಕೂರಿಸಿದ ಎರಡು ಬೋಲ್ಟ್‌ಗೆ 7 ಎಂಎಂ ಕಾರ್ಡ್ (ಸಣ್ಣ ಹಗ್ಗ) ಹಾಕಿ, ಎಳೆಗಳನ್ನು ಭಾರ ಬೀಳುವ ದಿಕ್ಕಿಗೇ ಜಗ್ಗಿ, ಎಲ್ಲವನ್ನೂ ಒಟ್ಟಿಗೆ ಹಿಡಿದು ಒಂದೇ ಗಂಟು ಹಾಕಿ, ಭಾರವೆಲ್ಲ ತೂಗುವ ಮಾಸ್ಟರ್ ಪಾಯಿಂಟ್ ಮಾಡಿಸಿದರು. ಅಲ್ಲಿಂದ ಕ್ಲಾಸಿಗೆ ಕಳೆ ಬಂತು. ಮೇಷ್ಟ್ರು ಹೇಳದೆ ಕೇಳದೆ ಒಂದು ಬೋಲ್ಟ್‌ನ ಕ್ಯಾರಬೈನರ್ (ಬಾಯಿ ತೆರೆಯುವ ಲೋಹದ ಕೊಂಡಿ) ಬಿಚ್ಚಿದರು. ಮಾಸ್ಟರ್ ಪಾಯಿಂಟ್ ಸ್ವಲ್ಪ ವಾಲಿತು, ಅಷ್ಟೇ. ಅದೇ ಆಟವನ್ನು ಗಂಟಿಲ್ಲದೆ ಜಾರುವ ಸ್ಲಿಂಗ್ (ಪಟ್ಟಿಯ ಕುಣಿಕೆ) ಮೇಲೆ ಆಡಿದಾಗ ಕ್ಯಾರಬೈನರ್ ಧಡಕ್ಕನೆ ಕೆಳಕ್ಕೆ ಇಳಿಯಿತು. ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಕೋನದ ವಿಷಯವೂ ಹಾಗೇ. ಎರಡು ಎಳೆಗಳ ನಡುವೆ 60 ಡಿಗ್ರಿ ಇದ್ದರೆ ಒಂದೊಂದು ಬೋಲ್ಟ್ ಮೇಲೆ ಭಾರದ ಸುಮಾರು 58 ಪರ್ಸೆಂಟ್ ಬೀಳುತ್ತದೆ, 120 ಆದರೆ ಒಂದೊಂದರ ಮೇಲೂ ಪೂರ್ತಿ 100. ಇದನ್ನು ಯೂಟ್ಯೂಬ್‌ನಲ್ಲೂ ನೋಡಬಹುದು, ಅಲ್ವಾ? ಆದರೆ ಹಗ್ಗದ ಎರಡು ತುದಿ ಇಬ್ಬರು ಹಿಡಿದು, ಮೂರನೆಯವರು ನಡುವೆ ಕೆಳಕ್ಕೆ ಜಗ್ಗುತ್ತಿರುವಾಗ ಒಂದೊಂದೇ ಹೆಜ್ಜೆ ದೂರ ಸರಿದು ನೋಡಿ. ರಟ್ಟೆಗೇ ಲೆಕ್ಕ ಗೊತ್ತಾಗುತ್ತದೆ.

ಬೋಲ್ಟ್ ನಂಬುವ ಮೊದಲು ಏನು ನೋಡಬೇಕು ಅನ್ನುವುದನ್ನೂ ಚೆನ್ನಾಗಿ ಹೇಳಿಕೊಟ್ಟರು: ತುಕ್ಕು ಹಿಡಿದಿದೆಯಾ, ಹ್ಯಾಂಗರ್ (ಬೋಲ್ಟ್‌ಗೆ ಸಿಕ್ಕಿಸಿದ ಲೋಹದ ಪಟ್ಟಿ) ತಿರುಗುತ್ತಾ, ಸುತ್ತಲ ಕಲ್ಲು ಬಿರುಕು ಬಿಟ್ಟಿದೆಯಾ, ಅಂಗೈಯಲ್ಲಿ ಬಡಿದರೆ ಪೊಳ್ಳು ಸದ್ದು ಬರುತ್ತಾ.

ಕೊರತೆ ಅಂದರೆ ಜನ ಜಾಸ್ತಿ. ಒಬ್ಬರು ಕಟ್ಟುವಾಗ ಉಳಿದವರು ಬಿಸಿಲಲ್ಲಿ ನಿಂತು ನೋಡಬೇಕು, ನನ್ನ ಸರದಿ ಬರುವಷ್ಟರಲ್ಲಿ ಮೊದಲು ಹೇಳಿದ್ದು ಅರ್ಧ ಮರೆತಿತ್ತು. ಬೋಲ್ಟ್ ಇಲ್ಲದ ಕಡೆ ಬಿರುಕಿಗೆ ಸಿಕ್ಕಿಸುವ ನಟ್, ಕ್ಯಾಮ್ ಹಾಕಿ ಕಟ್ಟುವುದನ್ನು ಸಂಜೆ ಸುಮ್ನೆ ತೋರಿಸಿ ಮುಗಿಸಿದರು. ಬದಾಮಿಯ ಬೋಲ್ಟ್ ಇರುವ ರೂಟ್‌ಗಳ ಆಂಕರ್ ನೋಡಿ ಅರ್ಥ ಮಾಡಿಕೊಳ್ಳುವಷ್ಟು ಬಂತು. ಸಾವನದುರ್ಗದಂಥ ಕಡೆ ಮಲ್ಟಿ ಪಿಚ್ (ಹಂತ ಹಂತಕ್ಕೂ ಆಂಕರ್ ಕಟ್ಟುತ್ತ ಮೇಲೇರುವ ರೂಟ್) ಹತ್ತುವುದಕ್ಕೆ ಇದು ಖಂಡಿತ ಸಾಲದು.

ಇನ್ನೂ ಇಂಡೋರ್ ವಾಲ್‌ನಲ್ಲೇ ಹತ್ತುವವರು ಅವಸರ ಮಾಡಬೇಡಿ. ಅಲ್ಲಿ ಆಂಕರ್ ವಾಲ್‌ನವರೇ ಹಾಕಿರುತ್ತಾರೆ. ಮೊದಲು ಬಿಲೇ (ಹತ್ತುವವರ ಹಗ್ಗ ಹಿಡಿದು ಕಾಯುವುದು) ಗಟ್ಟಿ ಮಾಡಿಕೊಳ್ಳಿ. ಹೊರಗೆ ನಾಲ್ಕು ಸಲ ಗೊತ್ತಿರುವವರ ಜೊತೆ ಹೋಗಿ, ಮುಂದೆ ನಾವೇ ಟಾಪ್ ರೋಪ್ (ಮೇಲಿನ ಆಂಕರ್‌ನಿಂದ ಇಳಿಬಿಡುವ ಹಗ್ಗ) ಹಾಕೋಣ ಅಂದುಕೊಂಡವರಿಗೆ ಮಾತ್ರ ಈ ದುಡ್ಡು ದಂಡವಲ್ಲ. ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಒಬ್ಬ ಮೇಷ್ಟ್ರಿಗೆ ಎಷ್ಟು ಜನ? ಬಂಡೆಯ ಮೇಲೆ ನನ್ನ ಕೈಯಾರೆ ಎಷ್ಟು ಸಲ ಕಟ್ಟಿಸುತ್ತೀರಿ? ಉತ್ತರ ತೇಲಿಸಿದರೆ ಬೇರೆ ಕಡೆ ನೋಡಿ. ಸೇರಿದ ಮೇಲೆ ಒಂದು ಕಾರ್ಡ್ ಕೊಂಡು ಮನೆಯ ಕಿಟಕಿ ಸರಳಿಗೆ ದಿನಾ ಕಟ್ಟಿ ಬಿಚ್ಚಿ. ಬಂಡೆಯ ಮೇಲೆ ಮೊದಲ ಕೆಲವು ಸಲ ಅನುಭವಸ್ಥರು ನೋಡಿ ಹ್ಞೂಂ ಅನ್ನುವವರೆಗೂ ನೀವು ಕಟ್ಟಿದ ಆಂಕರ್‌ಗೆ ಯಾರನ್ನೂ ನೇತುಹಾಕಬೇಡಿ.