ಮ್ಯಾಕ್ಸೆಂಟ್, ಆರು ವರ್ಷ ಬಳಸಿದ ಮೇಲೆ: ಕಾಡುಕೋಣದ ಕಾಡು ಬೇರೆ, ಕೆಂದಳಿಲಿನ ಕಾಡು ಬೇರೆ

ನಾನು ಹಳಿಯಾಳದ ಕಡೆಯವ, ಈಗ ಒಂಬತ್ತು ವರ್ಷದಿಂದ ಗೋವಾದ ಫೋಂಡಾದಲ್ಲಿದೀನಿ, ಕೆಲಸ ಮ್ಯಾಪ್ ಮಾಡೋದು. 2019ರಿಂದ ಮ್ಯಾಕ್ಸೆಂಟ್ ಅನ್ನೋ ಸಾಫ್ಟ್‌ವೇರ್ ಬಳಸ್ತಾ ಇದೀನಿ, ಜೊತೆಗೆ ನಕ್ಷೆ ಮಾಡೋ ಕ್ಯೂಜಿಐಎಸ್, ಎರಡೂ ಪುಕ್ಕಟೆ. ಯಾವ ಪ್ರಾಣಿ ಎಲ್ಲಿ ಕಾಣಿಸ್ತು ಅನ್ನೋ ಪಾಯಿಂಟುಗಳನ್ನೂ, ಮಳೆ, ಎತ್ತರ, ಇಳಿಜಾರು, ಹಸಿರು, ನೀರಿಗೆ ಎಷ್ಟು ದೂರ ಇಂಥ ನಕ್ಷೆಯ ಪದರಗಳನ್ನೂ ಮ್ಯಾಕ್ಸೆಂಟಿಗೆ ಕೊಟ್ರೆ, ಆ ಪ್ರಾಣಿಗೆ ಒಗ್ಗೋ ಜಾಗ ಯಾವುದು ಅಂತ ಸೊನ್ನೆಯಿಂದ ಒಂದರ ಒಳಗೆ ಅಂಕ ಹಾಕಿ ನಕ್ಷೆ ಕೊಡುತ್ತೆ. ಫಿಲಿಪ್ಸ್, ಆಂಡರ್ಸನ್, ಶಾಪೈರ್ ಮೂವರು 2006ರಲ್ಲಿ ಇದರ ಪೇಪರ್ ಬರೆದ್ರು, 2017ರಲ್ಲಿ ಕೋಡನ್ನೂ ಓಪನ್ ಮಾಡಿದ್ರು. ಪ್ರಾಣಿ ಇಲ್ಲದ ಜಾಗದ ಲೆಕ್ಕ ಇದಕ್ಕೆ ಬೇಕಾಗಿಲ್ಲ, ಕಂಡಿದ್ದು ಮಾತ್ರ ಸಾಕು, ನಮ್ಮಂಥ ಸಣ್ಣ ತಂಡಗಳಿಗೆ ಅದೇ ದೊಡ್ಡ ಉಪಕಾರ.

ಶುರುವಿನಲ್ಲಿ ತಲೆ ಕೆಡಿಸೋದು ಪದರಗಳೇ. ಎಲ್ಲಾ ಪದರದ ಗಡಿ, ಚೌಕದ ಅಳತೆ ಒಂದೇ ಇರಬೇಕು, ದಶಾಂಶದ ಕೊನೇ ಅಂಕಿ ಬೇರೆ ಆದ್ರೂ ಎರರ್ ಹೊಡೆದು ನಿಲ್ಲುತ್ತೆ. ನಂದು ಮೊದಲ ಒಂದು ವಾರ ಇದರಲ್ಲೇ ಹೋಯ್ತು, ಆಮೇಲೆ ಕ್ಯೂಜಿಐಎಸ್‌ನಲ್ಲಿ ಒಂದು ಪದರನ ಅಚ್ಚು ಅಂತ ಇಟ್ಕೊಂಡು ಉಳಿದವನ್ನೆಲ್ಲ ಅದಕ್ಕೇ ಕತ್ತರಿಸೋ ಅಭ್ಯಾಸ ಮಾಡ್ಕೊಂಡೆ. ಪಾಯಿಂಟ್ ಫೈಲಲ್ಲಿ ಪ್ರಾಣಿ ಹೆಸರು, ರೇಖಾಂಶ, ಅಕ್ಷಾಂಶ ಇದೇ ಕ್ರಮ, ಉಲ್ಟಾ ಆದ್ರೆ ಇಲ್ಲೇ ಗೋವಾದ ಮೊಲ್ಲೆಂನ ಪಾಯಿಂಟುಗಳೆಲ್ಲ ನಾರ್ವೆಯ ಉತ್ತರದ ಸಮುದ್ರಕ್ಕೆ ಹೋಗಿ ಬೀಳ್ತವೆ. ದೊಡ್ಡ ಪದರ ಹಾಕಿದಾಗ ಮೆಮೊರಿ ಸಾಲ್ದು ಅಂದ್ರೆ, ಮ್ಯಾಕ್ಸೆಂಟ್ ಜೊತೆಗೆ ಬರೋ, ಅದನ್ನ ಶುರು ಮಾಡೋ ಬ್ಯಾಟ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು 512 ಅಂತ ಇರೋದನ್ನ 4096 ಮಾಡಿ, ಅಷ್ಟೇ.

ಇನ್ನು ನಿಜವಾದ ವಿಷಯ. ನಾವು ನೋಡೋದು ಅಭಯಾರಣ್ಯದ ಹೊರಗಿನ ಕಾಡು, ಅಂದ್ರೆ ತೇಗದ ಪ್ಲಾಂಟೇಶನ್, ಗೇರು ತೋಪು, ಅಕೇಶಿಯಾ, ನಡುನಡುವೆ ಉಳಿದಿರೋ ಹಳೇ ಕಾಡಿನ ತುಂಡುಗಳು. ಇಲ್ಲಿ ಥಿನ್ನಿಂಗ್ ಇದೆ, ಅಂದ್ರೆ ಒತ್ತಾಗಿರೋ ಮರಗಳಲ್ಲಿ ಕೆಲವನ್ನ ಕಡಿದು ತೆಳು ಮಾಡೋದು, ಕಟಾವಿದೆ, ಮತ್ತೆ ನೆಡೋದಿದೆ. ನಾನು ಮೂರು ಜೀವಿ ಇಟ್ಕೊಂಡೆ. ಕಾಡುಕೋಣ, ಇಲ್ಲಿನ ರಾಜ್ಯಪ್ರಾಣಿ, ಕೊಂಕಣಿಯಲ್ಲಿ ಗವೊ ರೆಡೊ ಅಂತಾರೆ. ಕೆಂದಳಿಲು, ಪಕ್ಕದ ಮಹಾರಾಷ್ಟ್ರದವರ ಶೇಕರು. ಮತ್ತೆ ನಮ್ಮ ದಾಂಡೇಲಿ ಕಡೆ ಎಲ್ಲರಿಗೂ ಗೊತ್ತಿರೋ ಮಂಗಟ್ಟೆ ಹಕ್ಕಿ. ಕಾಡುಕೋಣಕ್ಕೆ ಬಿಸಿಲು ಬಿದ್ದು ಹುಲ್ಲು ಚಿಗುರೋ ಜಾಗ, ಬಿದಿರು, ಹತ್ತಿರದಲ್ಲಿ ನೀರು ಬೇಕು. ಕೆಂದಳಿಲು ನೆಲಕ್ಕೆ ಇಳಿಯೋದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ದಾರಿ ಕಡೀಬಾರದು. ಮಂಗಟ್ಟೆಗೆ ಅತ್ತಿ, ಆಲದಂಥ ಹಣ್ಣಿನ ಮರ ಬೇಕು, ಗೂಡಿಗೆ ಪೊಟರೆ ಇರೋ ಮುದಿ ಮರ ಬೇಕು. ಒಂದೇ ಕಂಪಾರ್ಟ್‌ಮೆಂಟಲ್ಲಿ, ಅಂದ್ರೆ ಕಾಡಿನ ಒಂದೇ ಬ್ಲಾಕಲ್ಲಿ, ಥಿನ್ನಿಂಗ್ ಮಾಡಿದ್ರೆ ಕಾಡುಕೋಣಕ್ಕೆ ಒಳ್ಳೇದು, ಅಳಿಲಿಗೆ ರಸ್ತೆ ಬಂದ್.

ಮೊದಲ ಕಾಡುಕೋಣದ ನಕ್ಷೆ ಬಂದಾಗ ಜಾಸ್ತಿ ಅಂಕದ ಕೆಂಪೆಲ್ಲ ರಸ್ತೆ ಉದ್ದಕ್ಕೇ ಇತ್ತು, ಯಾಕಂದ್ರೆ ನಾವು ನೋಡಿದ್ದೇ ಜೀಪಲ್ಲಿ ಕೂತು, ಪಾಯಿಂಟೆಲ್ಲ ರಸ್ತೆ ಪಕ್ಕದ್ದೇ. ಮಾಡೆಲ್ ಕಲಿತಿದ್ದು ಜೀಪು ಎಲ್ಲಿ ಓಡಾಡುತ್ತೆ ಅನ್ನೋದನ್ನ. ಆಮೇಲೆ ಹಿನ್ನೆಲೆ ಪಾಯಿಂಟುಗಳನ್ನೂ (ಮಾಡೆಲ್ ಹೋಲಿಸಿ ನೋಡೋಕೆ ತಗೊಳ್ಳೋ ಜಾಗಗಳು) ನಾವು ಓಡಾಡಿದ ಜಾಗದಿಂದಲೇ ತಗೊಂಡು, ಒತ್ತೊತ್ತಾಗಿರೋ ಪಾಯಿಂಟುಗಳನ್ನ ತೆಳು ಮಾಡಿ, ಕ್ಯಾಮೆರಾ ಟ್ರ್ಯಾಪ್ ಒಳಗಡೆ ಇಟ್ಟ ಮೇಲೆ ಸರಿ ಹೋಯ್ತು. ಎಯುಸಿ, ಅಂದ್ರೆ ಪ್ರಾಣಿ ಕಂಡ ಜಾಗನ ಉಳಿದ ಜಾಗದಿಂದ ಮಾಡೆಲ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತೆ ಅನ್ನೋ ಅಂಕ, 0.94 ಬಂತು ಅಂತ ಖುಷಿ ಪಡೋರಿಗೆ ಒಂದು ಮಾತು, ಸುತ್ತಲ ಜಾಗ ದೊಡ್ಡದು ತಗೊಂಡಷ್ಟೂ ಆ ಅಂಕಿ ತಾನಾಗೇ ಏರುತ್ತೆ. ಕರಾವಳಿ ಬಯಲನ್ನೆಲ್ಲ ಬಿಟ್ಟು ಘಟ್ಟದ ಕಾಡಿಗಷ್ಟೇ ಸೀಮಿತ ಮಾಡಿದ ಮೇಲೆ ನಂದು 0.78ಕ್ಕೆ ಇಳೀತು, ಆದ್ರೆ ಆ ನಕ್ಷೆ ಕೈಯಲ್ಲಿ ಹಿಡ್ಕೊಂಡು ಕಾಡಿಗೆ ಹೋದ್ರೆ ಪ್ರಾಣಿ ಸಿಗ್ತಿತ್ತು.

ಎರಡನೇ ಪಾಠ ಗೇರು ಕಲಿಸ್ತು. ಮಳೆಗಾಲದಲ್ಲಿ ಇಲ್ಲಿ ಉಪಗ್ರಹ ಚಿತ್ರದ ತುಂಬ ಮೋಡ, ಹಂಗಾಗಿ ನಾನು ಏಪ್ರಿಲ್‌ದು ಬಳಸಿದ್ದೆ. ಏಪ್ರಿಲಲ್ಲಿ ತೇಗ, ಮತ್ತಿ ಎಲೆ ಉದುರಿಸಿ ಬೋಳಾಗಿರ್ತವೆ, ಗೇರು ತೋಪು ಮಾತ್ರ ಹಸಿರು, ಅದನ್ನ ನೋಡಿ ಮಾಡೆಲ್ಲು ಕೆಂದಳಿಲನ್ನ ಕರ್ಕೊಂಡು ಹೋಗಿ ಗೇರು ತೋಪಲ್ಲಿ ಕೂರಿಸ್ತು. ಹಸಿರಿದೆ ಅಂದ ಮಾತ್ರಕ್ಕೆ ಕಾಡಲ್ಲ ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು? ನವೆಂಬರ್, ಏಪ್ರಿಲ್ ಎರಡರ ಹಸಿರನ್ನೂ ಹಾಕಿ, ಮರದ ಎತ್ತರದ ಪದರ ಸೇರಿಸಿ, ತೋಪುಗಳ ಗಡಿನ ಕೈಯಲ್ಲೇ ಗೀಚಿ ಬೇರೆ ವರ್ಗ ಅಂತ ಕೊಟ್ಟೆ, ಆಗ ಅಳಿಲು ಮತ್ತೆ ಹಳ್ಳದ ದಂಡೆಗೆ ವಾಪಸ್ ಬಂತು.

ಆದ್ರೆ ನನಗೆ ನಿದ್ದೆಗೆಡಿಸಿದ್ದು ಮೂರನೇದು. ಕೆಲಸ ಕೊಟ್ಟ ಆಫೀಸಿನವರು ಮೂರು ನಕ್ಷೆ ಬೇಡ, ಎಲ್ಲಾ ಸೇರಿಸಿ ಒಂದೇ ಕೊಡಿ ಅಂದ್ರು, ನಾನೂ ಮೂರರ ಸರಾಸರಿ ತೆಗೆದು ಕೊಟ್ಬಿಟ್ಟೆ. ಆಮೇಲೆ ಒಂದಿನ ಕೂತು ಚೌಕ ಚೌಕ ನೋಡ್ತೀನಿ, ಒಂದು ತೆರೆದ ತೇಗದ ತುಂಡಲ್ಲಿ ಕಾಡುಕೋಣ 0.81, ಅಳಿಲು 0.34, ಮಂಗಟ್ಟೆ 0.29, ಸರಾಸರಿ 0.48. ಪಕ್ಕದ ಹಳ್ಳದಂಚಲ್ಲಿ ಕಾಡುಕೋಣ 0.15, ಅಳಿಲು 0.40, ಮಂಗಟ್ಟೆ 0.86, ಸರಾಸರಿ 0.47. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹಳದಿ! ಎರಡೂ ಥಿನ್ನಿಂಗ್ ಪಟ್ಟಿಯಲ್ಲಿದ್ವು.

ಮರುದಿನ ವಾಚರ್ ಅಣ್ಣನ ಜೊತೆ ಆ ಹಳ್ಳಕ್ಕೆ ಹೋದೆ. ಒಂದು ತಾರೆ ಮರ, ಇಬ್ಬರು ಕೈ ಚಾಚಿದ್ರೂ ಅಪ್ಪೋಕೆ ಆಗಲ್ಲ, ಬುಡದಲ್ಲಿ ಹಿಕ್ಕೆ, ಅದರ ತುಂಬ ಅತ್ತಿ ಬೀಜ, ಕೆಲವು ಮೊಳಕೆ ಬಂದಿದ್ವು. ಮೇಲೆ ಪೊಟರೆ ಬಾಯಿಗೆ ಮೆತ್ತಿ ಮುಚ್ಚಿದ್ದು, ನಡುವೆ ಉದ್ದಕ್ಕೆ ಒಂದು ಸೀಳು. ಅರ್ಧ ಗಂಟೆ ಉಸಿರು ಬಿಗಿ ಹಿಡಿದು ಕೂತ್ವಿ, ರೆಕ್ಕೆ ಸದ್ದು ಕೇಳ್ತು, ಗಂಡು ಮಂಗಟ್ಟೆ ಬಂದು ಗಂಟಲಿಂದ ಒಂದೊಂದೇ ಹಣ್ಣು ತೆಗೆದು ಆ ಸೀಳಲ್ಲಿ ಕೊಟ್ಟು ಹೋಯ್ತು. ಹೆಣ್ಣು ಒಳಗೆ ಗೂಡಲ್ಲಿತ್ತು. ಆ ಮರ ಹೋಗಿದ್ರೆ ಅದಕ್ಕೆ ನನ್ನ ಹಳದಿ ಬಣ್ಣ ಕಾರಣ ಆಗ್ತಿತ್ತು. ಅವತ್ತೇ ಆಫೀಸಿಗೆ ಹೋಗಿ ಮೂರು ನಕ್ಷೆನೂ ಟೇಬಲ್ ಮೇಲೆ ಹರಡಿ ತೋರಿಸಿದೆ, ಹಳ್ಳದಂಚನ್ನ ಪಟ್ಟಿಯಿಂದ ತೆಗೆದ್ರು.

ಅದಾದ ಮೇಲೆ ಸರಾಸರಿ ಬಿಟ್ಟೆ. ಈಗ ಪ್ರತಿ ಜೀವಿಗೂ ಮ್ಯಾಕ್ಸೆಂಟಲ್ಲಿ ಬೇರೆ ನಕ್ಷೆ, ಆಮೇಲೆ ಅವನ್ನೆಲ್ಲ ಝೋನೇಶನ್ 5 ಅನ್ನೋ ಸಾಫ್ಟ್‌ವೇರಿಗೆ ಹಾಕ್ತೀನಿ, ಹೆಲ್ಸಿಂಕಿ ಯೂನಿವರ್ಸಿಟಿಯವರದ್ದು, ಅದೂ ಪುಕ್ಕಟೆ. ಯಾವ ಚೌಕ ಹೋದ್ರೆ ನಷ್ಟ ಕಡಿಮೆಯೋ ಅದನ್ನ ಕೆಳಗೆ ಇಡ್ತಾ ಇಡ್ತಾ ಇಡೀ ಕಾಡಿಗೆ ರ‍್ಯಾಂಕ್ ಕೊಡುತ್ತೆ, ಕೋರ್ ಏರಿಯಾ ನಿಯಮ ಆರಿಸಿದ್ರೆ ಒಂದೇ ಒಂದು ಜೀವಿಗೆ ಪ್ರಾಣ ಆಗಿರೋ ಚೌಕನೂ ಮೇಲೇ ಉಳಿಯುತ್ತೆ.

ಮ್ಯಾಕ್ಸೆಂಟಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ರೆಗ್ಯುಲರೈಸೇಶನ್, ಅಂದ್ರೆ ಮಾಡೆಲ್ ಕೊಟ್ಟ ಪಾಯಿಂಟುಗಳಿಗೇ ಅಂಟಿಕೊಳ್ಳದ ಹಾಗೆ ತಡೆಯೋ ಸೆಟ್ಟಿಂಗ್, ಡೀಫಾಲ್ಟ್ 1 ಹಾಗೇ ಬಿಡಬೇಡಿ, ಪಾಯಿಂಟ್ ಕಡಿಮೆ ಇದ್ದಾಗ 2, 3 ಹಾಕಿ ನೋಡಿ, ಮಂಗಟ್ಟೆಗೆ ನನ್ನ ಹತ್ರ 23 ಪಾಯಿಂಟ್ ಅಷ್ಟೇ ಇತ್ತು, 1ರಲ್ಲಿ ಇಟ್ಟಾಗ ಆ 23 ಜಾಗ ಬಿಟ್ಟು ಬೇರೆಲ್ಲೂ ಹಕ್ಕಿ ಇಲ್ಲವೇ ಇಲ್ಲ ಅನ್ನೋ ಹಾಗೆ ತೋರಿಸ್ತು. ಒಂದು ಸ್ಟಾರ್ ಕಡಿಮೆ ಯಾಕಂದ್ರೆ ಪೊಟರೆ ಅನ್ನೋ ಪದರನ ಇದಕ್ಕೆ ಕೊಡೋಕೆ ಯಾವ ಉಪಗ್ರಹದಿಂದಲೂ ಆಗಲ್ಲ, ಕಾಲಲ್ಲೇ ನಡೀಬೇಕು. ಮರ ಮರ ನೋಡಿ ಸುತ್ತಳತೆ, ಪೊಟರೆ ಎತ್ತರ ಬರ್ಕೊಳ್ತಾ ಇದೀವಿ, ಈ ಬೇಸಿಗೆಗೆ 61 ಮರ ಆಗಿದೆ, ಆ ತಾರೆ ಮರಕ್ಕೆ ನಂಬರ್ ಒಂದು.